ಹೊಸದರಂತೆಯೇ ಉಳಿದ ಕೈ

ಫೋನಿನಲ್ಲಿ ರೇಣವ್ವನ ಹೆಸರು ಕಂಡರೆ ಸಾಕು, ಮಲ್ಲನಗೌಡನಿಗೆ ತಲೆ ಕೆಡುತ್ತಿತ್ತು...

ಅವನು ಗದಗಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು. ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡವರಿಗೆ ಕಾಲೇಜಿನ ತ್ರೀಡಿ ಪ್ರಿಂಟರ್‌ನಲ್ಲಿ ಪ್ಲಾಸ್ಟಿಕ್ ಕೈ ಮಾಡಿ ಕೊಡುತ್ತಿದ್ದ. ಮಣಿಕಟ್ಟು ಬಗ್ಗಿಸಿದರೆ ಒಳಗಿನ ದಾರ ಎಳೆದು ಬೆರಳುಗಳು ಮಡಚಿಕೊಳ್ಳುತ್ತಿದ್ದವು.

ಉಳ್ಳವರಷ್ಟೇ ಕೊಳ್ಳುವ ಕೈ ಬಡವರಿಗೂ ಸಿಗಬೇಕು... ಅದೇ ಅವನ ಹಟ.

ಕೈ ಪಡೆದವರಿಗೆ ಆಗಾಗ ಫೋನ್ ಮಾಡಿ ಕೇಳುತ್ತಿದ್ದ, "ಕೈ ಹೆಂಗೈತ್ರಿ?"

"ಭಾಳ ಚೊಲೋ ಐತ್ರಿ ಸರ... ಹೊಸಾದರಂಗ ಐತಿ!"

ಎಲ್ಲರದೂ ಅದೇ ಮಾತು. ರೇಣವ್ವನೊಬ್ಬಳನ್ನು ಬಿಟ್ಟು.

ರೇಣವ್ವ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಹಿಂದೊಮ್ಮೆ ಖಾರ ಕುಟ್ಟುವ ಮಷೀನಿಗೆ ಸಿಕ್ಕಿ ಎಡಗೈ ಬೆರಳುಗಳು ಹೋಗಿದ್ದವು. ದಾರ ಹರಿಯಿತು ಎಂದು ಬರುತ್ತಿದ್ದಳು. ಕೈಗೆ ಬಿಗಿಯುವ ಪಟ್ಟಿ ಉಜ್ಜಿ ಗಾಯವಾಯಿತು ಎಂದು ಬರುತ್ತಿದ್ದಳು. ಸರಿ ಮಾಡಿ ಕಳಿಸಿದರೆ ಮತ್ತೆ ಬಾಗಿಲಲ್ಲಿ ಹಾಜರ್!

ಅವತ್ತು ಹೆಬ್ಬೆರಳೇ ಸೊಟ್ಟಗಾಗಿತ್ತು.

"ಕಾದ ಸಾರಿನ ಬೋಗಾಣಿ ಹಿಡದಿದ್ನಿರಿ ಸರ... ಮೆತ್ತಗಾಗಿಬಿಡ್ತು."

ಅಂದು ಬೆಳಿಗ್ಗೆ ತಾನೇ ಪ್ರಿನ್ಸಿಪಾಲರು ಈ ಕೆಲಸಕ್ಕೆ ಪ್ರಿಂಟರ್ ಕೊಡಲು ತಕರಾರು ತೆಗೆದಿದ್ದರು. ಮಲ್ಲನಗೌಡನ ತಾಳ್ಮೆ ತಪ್ಪಿತು.

"ಎಲ್ಲಾರ ಕೈ ನೆಟ್ಟಗ ಅದಾವು! ನಿಮ್ಮದೊಂದೇ ಯಾಕ ಮುರೀತೈತಿ? ನನ್ನ ಕೈಲೆ ಇನ್ನ ಆಗಂಗಿಲ್ಲ. ಬ್ಯಾಡಾದ್ರ ಇಟ್ಟು ಹೋಗ್ರಿ!"

ರೇಣವ್ವ ಸೊಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು...

ಅದೇ ವಾರ ಮಲ್ಲನಗೌಡ, ಪ್ರಿನ್ಸಿಪಾಲರಿಗೆ ತೋರಿಸಲು ಫೋಟೋ ಬೇಕೆಂದು, ಕೈ ಪಡೆದಿದ್ದ ಬಸಲಿಂಗಪ್ಪನ ಮನೆಗೆ ಹೋದ.

ಬಸಲಿಂಗಪ್ಪ ಖುಷಿಯಿಂದ ಷೋಕೇಸಿನ ಗಾಜು ಸರಿಸಿದ. ಗೊಂಬೆಗಳ ನಡುವೆ, ಕವರಿನೊಳಗೆ ಆ ಕೈ... ಒಂದು ಗೀರೂ ಇಲ್ಲ.

"ಹಾಕ್ಕೊಳ್ಳಂಗಿಲ್ಲೇನ್ರಿ?"

"ಚುಚ್ಚತೈತ್ರಿ ಸರ, ಕೆಲಸಕ್ಕೂ ಒಗ್ಗಂಗಿಲ್ಲ. ನೀವು ಇಷ್ಟು ಪ್ರೀತಿಲೆ ಮಾಡಿಕೊಟ್ಟೀರಿ... ಹೆಂಗ ಹೇಳೂದು ಅಂತ ಸುಮ್ನಿದ್ದೆ."

ಮಲ್ಲನಗೌಡ ಬೀದಿಗೆ ಬಂದು ಉಳಿದವರಿಗೂ ಫೋನ್ ಮಾಡಿದ. ಈ ಸಲ ಬೇರೆ ಪ್ರಶ್ನೆ... "ಈಗ ಕೈ ಎಲ್ಲೈತ್ರಿ?"

ಒಬ್ಬರದು ಟ್ರಂಕಿನಲ್ಲಿ. ಒಬ್ಬರದು ಅಟ್ಟದ ಮೇಲೆ. ಇನ್ನೊಬ್ಬರಿಗೆ ನೆನಪೇ ಇಲ್ಲ!

ಯಾರ ಮೇಲೆ ಸಿಟ್ಟಾಗಬೇಕೋ ಅವನಿಗೆ ತಿಳಿಯಲಿಲ್ಲ. ನೇರ ರೇಣವ್ವನ ಶಾಲೆಗೆ ಹೋದ.

ಅವಳು ಅಡುಗೆಮನೆಯಲ್ಲಿದ್ದಳು. ಸೊಟ್ಟ ಹೆಬ್ಬೆರಳಿಗೆ ಹಳೆಯ ಸೀರೆಯ ಚಿಂದಿ ಬಿಗಿದು, ಅದೇ ಕೈಯಲ್ಲಿ ಬದನೆಕಾಯಿ ಒತ್ತಿ ಹಿಡಿದು ಹೆಚ್ಚುತ್ತಿದ್ದಳು. ಅರಿಶಿನ ಹತ್ತಿ ಹತ್ತಿ ಆ ಕೈ ಹಳದಿಯಾಗಿತ್ತು.

ಮಲ್ಲನಗೌಡನ ಕಣ್ಣು ತುಂಬಿ ಬಂತು.

"ತಪ್ಪಾತ್ರಿ ರೇಣವ್ವಾರ... ಹಂಗ ಒದರಬಾರದಿತ್ತು."

"ಬೈದದ್ದಕ್ಕಲ್ರಿ ಸರ... ನೀವು ಇದನ್ನ ಅರ್ಧಕ್ಕ ಬಿಟ್ಟೀರೇನೋ ಅಂತ ಸಂಕಟಾತು. ಇದು ಇಲ್ಲಂದ್ರ ನನಗ ಕೆಲಸನ ನಡಿಯಂಗಿಲ್ಲ."

ಅವನು ನೆಲದ ಮೇಲೆ ಕುಳಿತ. "ಹೇಳ್ರಿ... ಇನ್ನೂ ಏನೇನ್ ಸರಿ ಇಲ್ಲ?"

ರೇಣವ್ವ ಕಣ್ಣೊರೆಸಿಕೊಂಡು ನಕ್ಕಳು.

"ಆರಾಮ ಕೂಡ್ರಿ ಸರ... ಭಾಳ ಅದಾವು!"

*

ನಿಮ್ಮ ಕೆಲಸದಲ್ಲಿ ಕೊರತೆ ಹೇಳುವವರೇ, ಬಹಳ ಸಲ ಅದನ್ನು ನಿಜವಾಗಿ ನೆಚ್ಚಿಕೊಂಡವರು.

ನೀವು ಇತ್ತೀಚೆಗೆ ರೇಗಿ ಬಾಯಿ ಮುಚ್ಚಿಸಿದ್ದು ಯಾರನ್ನು...? ಅವರು ಹೇಳಲು ಬಂದದ್ದೇನೆಂದು ಒಮ್ಮೆ ಕೇಳಿದ್ದೀರಾ?