ದನಿಯ ಸಾಲ

ಫಕೀರವ್ವ ಸೊಪ್ಪು ಮಾರುವಾಕಿ. ಪೇಟೆಯಲ್ಲಿ ಕೂಗೋದಕ್ಕೆ ಅವಳೂ ನಮ್ಮೆಲ್ಲರ ಹಾಗೆ ಬಸಲಿಂಗಪ್ಪನ ಹತ್ತಿರ ಬೆಳಿಗ್ಗೆ ಮೀಟರ್ ಬಡ್ಡಿಗೆ ದನಿ ತಂದು, ಸಂಜೆ ತೀರಿಸುತ್ತಿದ್ದಳು. ಬಡ್ಡಿಯೂ ದನಿಯೇ. ಜ್ವರ ಬಂದು ನಾಲ್ಕು ದಿನ ಮಲಗಿದ್ದಕ್ಕೆ ಬಡ್ಡಿ ಬೆಳೆದು, ಅವಳ ಸ್ವಂತ ದನಿಯೂ ಅವನ ಪಾಲಾಯಿತು. ಈಗ ಮೊಮ್ಮಗಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಾಳೆ.

ಅಂಥ ಬಡ್ಡಿ ಕೂಡದು ಅಂತ ಸರ್ಕಾರ ಕಾಯ್ದೆ ಮಾಡಿದೆ. ದೂರು ಕೊಟ್ಟರೆ ದನಿ ವಾಪಸ್ ಕೊಡಿಸುತ್ತಾರೆ. ಆದರೆ ಕಳಕೊಂಡವರೇ ಬಾಯಿಬಿಟ್ಟು ಹೇಳಬೇಕು. ಅವಳ ಬದಲು ನಾನು ಹೇಳಿದರೆ ನಡೆಯುವುದಿಲ್ಲ.

ದನಿ ಕೊಡುವವನು ಊರಲ್ಲಿ ಒಬ್ಬನೇ. ಅವಳನ್ನು ಕರಕೊಂಡು ಅವನ ಹತ್ತಿರವೇ ಹೋಗಿ, ದೂರು ಹೇಳಲಿಕ್ಕೆ ಅಂತ ಹತ್ತು ಮಾತು ಸಾಲ ಕೇಳಿದೆ.

"ನನ್ನ ಮ್ಯಾಲೇ ದೂರಾ, ಯಮನವ್ವಕ್ಕಾ? ಕೊಡ್ರಿ, ಕೊಡ್ರಿ," ಅಂತ ನಕ್ಕ. ವಾಡಿಕೆಯಂತೆ ಬಡ್ಡಿಗೆ ಎರಡು ಮಾತು ಮೊದಲೇ ಹಿಡಕೊಂಡು, ಎಂಟು ಕೊಟ್ಟ.

ಎಂಟು ಸಾಕಿತ್ತು; ಹೇಳಬೇಕಾದದ್ದು ನಾಲ್ಕೇ ಪದ. "'ಬಸಲಿಂಗಪ್ಪ ನನ್ನ ದನಿ ಕೊಡವಲ್ಲ.' ಇಷ್ಟ ಹೇಳು, ಬ್ಯಾರೆ ಏನೂ ಬ್ಯಾಡ," ಅಂತ ದಾರಿಯುದ್ದಕ್ಕೂ ಹೇಳಿಕೊಟ್ಟೆ. ತಲೆಯಾಡಿಸಿದಳು.

ಕಚೇರಿಯ ಸಾಹೇಬರು ಒಳ್ಳೆಯವರು. ತಾವೇ ಎದ್ದು ಕುರ್ಚಿ ಕೊಟ್ಟರು. ಫಕೀರವ್ವನ ಜೀವ ತಡೆಯಲಿಲ್ಲ. ಕೈ ಮುಗಿದು, "ಶರಣ್ರೀ ಸಾಹೇಬ್ರ, ಊಟ ಆತ್ರಿ? ಮಕ್ಕಳು ಮರಿ ಆರಾಮ ಅದಾರ್ರಿ?" ಅಂದುಬಿಟ್ಟಳು.

"ಎಲ್ಲಾರೂ ಆರಾಮ ಅದಾರವ್ವ," ಅಂತ ಸಾಹೇಬರು ಪೆನ್ನು ತೆಗೆದರು. "ಯಾರ ಮ್ಯಾಲೆ ದೂರು, ಹೇಳ್ರಿ."

ಫಕೀರವ್ವ ಬಾಯಿ ತೆರೆದು ನನ್ನ ಕಡೆ ನೋಡಿದಳು.