ಸುಮಂಗಲಾ ಬಿಚ್ಚಿದ ಗಾಲಿ

ಸುಮಂಗಲಾ ಬೈಕಿನ ಹಿಂದಿನ ಗಾಲಿಯ ನಟ್ಟಿಗೆ ಪಾನಾ ಹಾಕಿ ಮೈಭಾರವನ್ನೆಲ್ಲ ಬಿಟ್ಟಳು. ನಟ್ಟು ಕಿರುಗುಟ್ಟಿ ಸಡಿಲಾಯಿತು. ಗಂಡ ಗುರುಬಸವ ಕ್ಷೌರಕ್ಕೆ ಹೋಗಿದ್ದ. ಅವನು ಬರುವಷ್ಟರಲ್ಲಿ ಕೆಲಸ ಮುಗಿಯಬೇಕಿತ್ತು.

ಮೊನ್ನೆ ಅವನು ಫೋನಿನಲ್ಲಿ ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು. ಆ ಕಡೆ ಇದ್ದದ್ದು ಸಿದ್ದಾಪುರದ ಶ್ವೇತಾ ಎಂಬ ಹುಡುಗಿಯ ತಂದೆ.

“ನನಗಿನ್ನೂ ಮದುವಿ ಆಗಿಲ್ರಿ ಮಾವಾರ. ಐತಾರ ಬಂದು ಮಾತು ಪಕ್ಕಾ ಮಾಡ್ತೀನಿ.”

ಇದೇನೆಂದು ಕೇಳಿದ್ದಕ್ಕೆ ಕೆನ್ನೆಗೆ ಬಾರಿಸಿದ್ದ. “ಬಂಜಿ ಕಟಗೊಂಡು ಎಷ್ಟ ವರ್ಷ ಕಾಯ್ಲಿ? ಬಾಯಿ ಮುಚಗೊಂಡು ಬಿದ್ದಿರು.”

ಸುಮಂಗಲಾ ಅಳಲಿಲ್ಲ. ಭಾನುವಾರಕ್ಕಾಗಿ ಕಾದಳು. ಇವತ್ತೇ ಆ ಭಾನುವಾರ.

ಪಕ್ಕದ ಗ್ಯಾರೇಜಿನ ಮರ್ದಾನಸಾಬ ಬೇಲಿಯಾಚೆಯಿಂದ ನೋಡಿದ. ಪಾನಾ ಅವನದೇ, ಬೆಳಿಗ್ಗೆ ಕೇಳಿ ಪಡೆದಿದ್ದಳು. ಈಗ ಅವಳ ಮಡಿಲಲ್ಲಿ ಬಿಚ್ಚಿದ ಬ್ರೇಕ್ ಶೂಗಳಿದ್ದವು.

“ಬೇಟಿ, ಏನ್ ಮಾಡಾಕತ್ತಿ?”

“ಬ್ರೇಕ್ ನೋಡಾಕತ್ತೀನ್ರಿ ಚಾಚಾ.”

“ಸಿಟ್ಟಿನಾಗ ಬ್ರೇಕಿಗೆ ಕೈ ಹಚ್ಚಬ್ಯಾಡವಾ. ಜೀವದ ಮಾತದು.”

“ಗೊತ್ತೈತ್ರಿ. ಅದಕ್ಕ ಬ್ಯಾರೇದವರ ಕೈಯಾಗ ಕೊಟ್ಟಿಲ್ಲ.”

ಅಳವಂಡಿಯ ತವರಿನಲ್ಲಿ ಅಪ್ಪನ ಗಾಡಿಯನ್ನು ಇವಳೇ ನೋಡಿಕೊಳ್ಳುತ್ತಿದ್ದಳೆಂದು ಮರ್ದಾನಸಾಬ ಬಲ್ಲ. ಯಾವ ನಟ್ಟು ತಿರುವಿದರೆ ಏನಾಗುತ್ತದೆಂದು ಇವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನು ತಿರುತಿರುಗಿ ನೋಡುತ್ತ ಗ್ಯಾರೇಜಿನೊಳಗೆ ಹೋದ.

ಸುಮಂಗಲಾ ಚೈನನ್ನು ಬೆರಳಿನಿಂದ ಎತ್ತಿ ನೋಡಿದಳು. ಜೋಲುತ್ತಿತ್ತು. ವೇಗದಲ್ಲಿದ್ದಾಗ ಕಳಚಿದರೆ ಗಾಲಿಗೆ ಸುತ್ತಿಕೊಂಡು ಸವಾರನನ್ನು ಎತ್ತಿ ಒಗೆಯುತ್ತದೆ. ಸಿದ್ದಾಪುರದ ದಾರಿಯಲ್ಲಿ ಗಂಗಾವತಿ ದಾಟಿದ ಮೇಲೆ ಪಕ್ಕದಲ್ಲೇ ಕಾಲುವೆ, ಎದುರಿಗೆ ಭತ್ತದ ಲಾರಿಗಳು. ಅವಳ ತುಟಿಯ ಮೇಲೆ ಸಣ್ಣ ನಗು ಸುಳಿಯಿತು. ಎರಡೂ ಬದಿಯ ತಿರುಪುಗಳಿಗೆ ಪಾನಾ ಹಾಕಿದಳು. ಎಲ್ಲ ಮುಗಿಸಿ, ಕೈಗಂಟಿದ ಕರಿ ಎಣ್ಣೆಯನ್ನು ಸೋಪಿನಿಂದ ತಿಕ್ಕಿ ತೊಳೆದಳು.

ಗುರುಬಸವ ಬಂದ. ನುಣ್ಣನೆಯ ಗಲ್ಲ ಸವರಿಕೊಂಡ.

“ಗಾಡಿ ಒರಸಿಯೇನ?”

“ಹೂನ್ರಿ. ಇವತ್ತಿಗೆ ನಿಮ್ಮ ಸಿದ್ದಾಪುರದ ಕೆಲಸ ಮುಗೀತದ.”

“ಈಗ ಬುದ್ಧಿ ಬಂತು ನೋಡು,” ಎಂದು ನಕ್ಕು ಬಚ್ಚಲಿಗೆ ಹೋದ.

ಮರ್ದಾನಸಾಬನಿಗೆ ಗುರುಬಸವನ ಮೇಲೆ ಕನಿಕರವೇನೂ ಇರಲಿಲ್ಲ. ಆದರೂ ಗೊತ್ತಿದ್ದೂ ಒಬ್ಬನನ್ನು ಸಾವಿನ ಬಾಯಿಗೆ ಕಳಿಸುವುದು ಹೇಗೆ? ಗ್ಯಾರೇಜಿನಲ್ಲಿ ಕೂತಲ್ಲಿ ಕೂರಲಾರದೆ ಕೊನೆಗೆ ಎದ್ದು ಹಿತ್ತಲ ಕಡೆಯಿಂದ ಓಡಿಬಂದು ಬಚ್ಚಲಿನ ಬಾಗಿಲು ಬಡಿದ.

“ಗುರುಬಸವಾ! ಆ ಗಾಡಿ ಹತ್ತಬ್ಯಾಡಪಾ! ಬ್ರೇಕ್ ಇಲ್ಲ ಅದಕ್ಕ!”

ಗುರುಬಸವ ಟವೆಲು ಸುತ್ತಿಕೊಂಡು ಹೊರಬಂದ. ಇಬ್ಬರೂ ಅಂಗಳಕ್ಕೆ ಧಾವಿಸಿದರು.

ಗಾಡಿ ಇರಲಿಲ್ಲ. ಕಟ್ಟೆಯ ಮೇಲೆ ಸವೆದು ತಗಡಾಗಿದ್ದ ಹಳೆಯ ಬ್ರೇಕ್ ಶೂಗಳು ಬಿದ್ದಿದ್ದವು. ಪಕ್ಕದಲ್ಲಿ ಹೊಸ ಶೂಗಳ ಖಾಲಿ ಡಬ್ಬಿ. ಮರ್ದಾನಸಾಬ ಅದನ್ನೆತ್ತಿಕೊಂಡು ಉಸಿರುಬಿಟ್ಟ.

ಸಿದ್ದಾಪುರದಲ್ಲಿ ಗಾಡಿಯ ಸದ್ದು ಕೇಳಿ, ಅಳಿಯ ಬಂದನೆಂದು ಶ್ವೇತಾಳ ತಂದೆ ಬಾಗಿಲಿಗೆ ಬಂದ. ಸುಮಂಗಲಾ ಸ್ಟ್ಯಾಂಡು ಹಾಕಿ, ಹೆಲ್ಮೆಟ್ ತೆಗೆದು, ಕೈಮುಗಿದಳು.

“ಗುರುಬಸವ ಬರೂದಿಲ್ರಿ ಯಜಮಾನ್ರ. ನಾನು ಅವನ ಹೆಂಡ್ತಿ.”