ಹಾಜರಿ ಪುಸ್ತಕ

ಕೆರೆಯ ಪಕ್ಕ ಪಟ್ಟಣದ ಕಸ ಸುರಿಯಬಹುದೇ ಎಂದು ಊರವರ ಅಭಿಪ್ರಾಯ ಕೇಳಲು ಕರೆದ ಸಭೆಯಲ್ಲಿ, ಉಪ್ಪಿಟ್ಟು ಮೊದಲೋ ಸಹಿ ಮೊದಲೋ ಎಂಬ ಗಹನವಾದ ಪ್ರಶ್ನೆ ಎದ್ದಿತು.

“ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ತಿಂಡಿ ತಗೊಳ್ಳಿ,” ಎಂದರು ಅಧಿಕಾರಿ.

“ಯಾರೂ ಹಾಕ್ಬೇಡ್ರಪ್ಪೋ!” ಎಂದು ಕೆಂಪಾಜಮ್ಮ ಕೂಗಿದಳು. “ಪಕ್ಕದೂರಲ್ಲಿ ಹಾಜರಿ ಸಹೀನೇ ಒಪ್ಪಿಗೆ ಅಂತ ಬರ್ಕೊಂಡವ್ರೆ!”

“ಉಪ್ಪಿಟ್ಟು ಬಿಸಿ ಐತೆ ಕಣಕ್ಕಾ,” ಎಂದ ಹಾಲಪ್ಪ.

“ತಿಂದ್ಬುಟ್ಟು ಆಮೇಲೆ ಕಸದ ನೀರು ಕುಡೀತೀಯೇನ್ಲಾ?”

ಮುನ್ನೂರು ಜನ ಎರಡು ಗಂಟೆ ಕಾಲ ‘ಬೇಡ, ಬೇಡ’ ಎಂದು ಕೂಗಿದರು. ಒಬ್ಬರೂ ಸಹಿ ಹಾಕಲಿಲ್ಲ. ಹಾಲಪ್ಪನೂ ಉಪ್ಪಿಟ್ಟು ಮುಟ್ಟಲಿಲ್ಲ.

ಅಧಿಕಾರಿ ಖಾಲಿ ಪುಸ್ತಕವನ್ನು ತಿರುವಿ ನೋಡಿ ವರದಿ ಬರೆದರು: “ಸಭೆಗೆ ಸಾರ್ವಜನಿಕರು ಯಾರೂ ಹಾಜರಾಗಲಿಲ್ಲ. ಆಕ್ಷೇಪಣೆ ಇಲ್ಲ.”